ಹದಿಮೂರು ಉತ್ತರಪತ್ರಿಕೆಗಳ ಕಟ್ಟು

ಏಪ್ರಿಲ್ 11, ಬುಧವಾರ, ಬೆಳಿಗ್ಗೆ 11.20. ಚೇಲಕ್ಕುನ್ನು ಪೊಲೀಸ್ ಠಾಣೆಯ ಮುಂದೆ ಇಬ್ಬರು ಮೇಷ್ಟರು ಒಂದೇ ಆಟೋದಿಂದ ಇಳಿದರು. ಒಂದೇ ಸೀಟಿನಲ್ಲಿ ಕೂತು ಬಂದಿದ್ದರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿರಿಯವರು ರಾಘವ ವಾರಿಯರ್. ಊರಿನ ಶಾಲೆಯಲ್ಲಿ ನಡೆಯುತ್ತಿದ್ದ ಹನ್ನೆರಡನೇ ತರಗತಿಯ ಮೌಲ್ಯಮಾಪನ ಕೇಂದ್ರಕ್ಕೆ ಅವರೇ ಮುಖ್ಯಸ್ಥರು. ಕಿರಿಯವರು ಸಾಬು ಕುರಿಯಾಕೋಸ್. ರಸಾಯನಶಾಸ್ತ್ರದ ಉತ್ತರಪತ್ರಿಕೆ ನೋಡಲು ಪಕ್ಕದ ತಾಲೂಕಿನಿಂದ ಬಂದವರು.

ಇನ್‌ಸ್ಪೆಕ್ಟರ್ ಸುಗತನ್ ಕುರ್ಚಿ ತೋರಿಸಿದರು.

"ಏನು ಕಳುವಾಗಿದೆ?"

"ಏನೂ ಕಳುವಾಗಿಲ್ಲ ಸಾರ್" ಎಂದರು ವಾರಿಯರ್.

"ಯಾರಿಗಾದ್ರೂ ಪೆಟ್ಟು ಬಿತ್ತಾ?"

"ಇಲ್ಲ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ ಮಾಷೇ?"

"ನನ್ನ ಅಂಕಪಟ್ಟಿ ನಂದಲ್ಲ ಸಾರ್!" ಸಾಬು ಮಾಷ್ ಮೇಜಿನ ಅಂಚು ಹಿಡಿದುಕೊಂಡೇ ಹೇಳಿದರು. "ಸಹಿ ನನ್ನ ಥರಾನೇ ಇದೆ. ಆದ್ರೆ ನಾನು ಹಾಕಿದ್ದಲ್ಲ. ಅಂಕವೂ ನಾನು ಕೊಟ್ಟದ್ದಲ್ಲ."

ನಡೆದದ್ದು ಇಷ್ಟು. ಕೇಂದ್ರದಲ್ಲಿ ಒಬ್ಬೊಬ್ಬರಿಗೆ ಬೆಳಿಗ್ಗೆ ಹದಿಮೂರು, ಮಧ್ಯಾಹ್ನ ಹದಿಮೂರು ಉತ್ತರಪತ್ರಿಕೆ ಕೊಡುತ್ತಾರೆ. ಯಾವ ಮಗುವಿನದು, ಯಾವ ಶಾಲೆಯದು ಎಂದು ತಿಳಿಯದಂತೆ ಹೆಸರು, ನೋಂದಣಿ ಸಂಖ್ಯೆ ಕತ್ತರಿಸಿ ಗುಪ್ತಸಂಖ್ಯೆ ಹಾಕಿರುತ್ತಾರೆ. ಒಂದೊಂದು ಪತ್ರಿಕೆಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಮೊದಲು ನೋಡುವವರು ಪತ್ರಿಕೆಯ ಮೇಲೆ ಒಂದು ಗೀಟನ್ನೂ ಎಳೆಯಕೂಡದು, ಅಂಕಗಳನ್ನು ಪ್ರಶ್ನೆವಾರು ಬೇರೆ ಹಾಳೆಯಲ್ಲಿ ಬರೆದು ಕೊಡಬೇಕು. ಅರವತ್ತಕ್ಕೆ ಇಬ್ಬರ ನಡುವೆ ಆರು ಅಂಕದೊಳಗೆ ವ್ಯತ್ಯಾಸವಿದ್ದರೆ ಸರಾಸರಿ, ಅದಕ್ಕಿಂತ ಹೆಚ್ಚಾದರೆ ಮೂರನೆಯವರ ಕೈಗೆ. ಈ ದಿನ ಬೆಳಿಗ್ಗೆ ವಾರಿಯರ್ ಎಲ್ಲರನ್ನೂ ಸೇರಿಸಿ, ನಿನ್ನೆ ಬೆಳಗಿನ ಕಟ್ಟುಗಳ ಹಾಳೆಗಳಲ್ಲಿ ಅತಿ ಅಚ್ಚುಕಟ್ಟಾದದ್ದು ಸಾಬು ಮಾಷ್ ಅವರದು, ಅರ್ಧರ್ಧ ಅಂಕವನ್ನೂ ತೂಗಿ ಕೊಟ್ಟಿದ್ದಾರೆ, ಎಲ್ಲರೂ ನೋಡಿ ಕಲಿಯಿರಿ ಎಂದು ಹಾಳೆಯನ್ನು ಎತ್ತಿ ಹಿಡಿದು ತೋರಿಸಿದ್ದರು. ಹಾಳೆ ನೋಡಲು ಮುಂದೆ ಬಂದ ಸಾಬು ಮಾಷ್ ಬೆವತುಹೋಗಿದ್ದರು.

"ಮೂವತ್ತು ವರ್ಷ ಸರ್ವೀಸಾಯ್ತು" ಎಂದ ಠಾಣೆಯ ರೈಟರ್ ಕುಂಞಹಮ್ಮದ್, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಹೊಗಳಿದ್ರು ಅಂತ ಕಂಪ್ಲೇಂಟ್ ಕೊಡೋಕೆ ಬಂದೋರನ್ನ ಇವತ್ತೇ ನೋಡಿದ್ದು."

"ನಗ್ಬೇಡಿ ಇಕ್ಕಾ." ಸಾಬು ಮಾಷ್ ರೈಟರ್ ಕಡೆ ತಿರುಗಿದರು. "ನಾಳೆ ಯಾರೋ ದುಡ್ಡು ತಿಂದು ಅಂಕ ತಿದ್ದಿದ್ರು ಅಂತ ಬಂದ್ರೆ ಒಳಗೆ ಹೋಗೋದು ಯಾರು? ನಾನು!"

ಮಾತು ನ್ಯಾಯವೇ. ಆದರೂ ಕುಂಬಳಕಾಯಿ ಕಳ್ಳ ಎಂದಾಗ ಮೊದಲು ಹೆಗಲು ಮುಟ್ಟಿಕೊಂಡವನ ಮೇಲೆ ಒಂದು ಕಣ್ಣಿಡುವುದು ಸುಗತನ್ ಅವರ ಹಳೆಯ ಚಾಳಿ. ಎಫ್‌ಐಆರ್ ದಾಖಲಾಯಿತು. ಖೋಟಾ ದಾಖಲೆ ಸೃಷ್ಟಿ, ಖೋಟಾ ಎಂದು ತಿಳಿದೂ ಅದನ್ನು ಬಳಸಿದ್ದು. ಆರೋಪಿ: ಅಪರಿಚಿತ.

ವಾರಿಯರ್ ಎದ್ದು ನಿಂತವರು ಮತ್ತೆ ಕೂತರು.

"ಸಾರ್, ಆ ಹದಿಮೂರು ಪತ್ರಿಕೆ ನೀವು ಜಪ್ತಿ ಮಾಡಿದ್ರೆ ಕೋರ್ಟಿಗೆ ಹೋಗುತ್ತೆ. ಶುಕ್ರವಾರ ಸಂಜೆ ಐದಕ್ಕೆ ಕೆಮಿಸ್ಟ್ರಿ ಲೆಕ್ಕ ಮುಗೀಬೇಕು. ಅಷ್ಟರೊಳಗೆ ವಾಪಸ್ ಬರ್ಲಿಲ್ಲ ಅಂದ್ರೆ ಹದಿಮೂರು ಮಕ್ಕಳ ರಿಸಲ್ಟ್ ತಡೆಹಿಡೀತಾರೆ. ಕಾಲೇಜು ಸೇರೋ ಹೊತ್ತಲ್ಲಿ."

"ಯಾವ ಮಕ್ಕಳು?"

"ಅದೇ ನನಗೂ ಗೊತ್ತಿಲ್ಲ. ಗೊತ್ತಿರಬಾರದು ಅಂತಾನೇ ವ್ಯವಸ್ಥೆ."

ಸುಗತನ್ ಗೋಡೆಯ ಕ್ಯಾಲೆಂಡರ್ ನೋಡಿದರು. ಭಾನುವಾರ ವಿಷು ಹಬ್ಬ. ಶುಕ್ರವಾರಕ್ಕೆ ಎರಡು ದಿನ. ಸಹಿಯ ಹಾಳೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಬರುವಷ್ಟರಲ್ಲಿ ಈ ಮಕ್ಕಳ ಮಕ್ಕಳು ಪರೀಕ್ಷೆ ಬರೆಯುತ್ತಿರುತ್ತಾರೆ.

*

ಮಧ್ಯಾಹ್ನ 2.10ಕ್ಕೆ ಸುಗತನ್, ರೈಟರ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಪ್ರಮೀಳಾ ಕೇಂದ್ರಕ್ಕೆ ಹೋದರು. ಸಾಬು ಮಾಷ್ ಇದ್ದದ್ದು ಕೊಠಡಿ ಏಳರಲ್ಲಿ. ಐದು ಮೇಜು, ಐದು ಜನ. ಇಬ್ಬರು ಶಾಲಾ ಪಂಚರ ಸಮಕ್ಷಮ ಕೊಠಡಿಯ ಪಂಚನಾಮೆ ಮಾಡಿದರು. ಕಿಟಕಿ ಮೂರು, ಬಾಗಿಲು ಒಂದು, ಬೀಗವಿದ್ದ ಬೀರು ಯಾವುದೂ ಇಲ್ಲ. ಗುಂಪಿನ ಮುಖ್ಯಸ್ಥೆ ರಸಿಯಾ ಟೀಚರ್. ಉಳಿದವರಲ್ಲಿ ಇಬ್ಬರು ಮಂಗಳವಾರ ರಜೆಯಲ್ಲಿದ್ದರು, ಹಾಜರಿ ಪುಸ್ತಕದಲ್ಲಿ ಅದು ಕಂಡಿತು. ಐದನೆಯವರು ವಿಲಾಸಿನಿ ಟೀಚರ್. ಮುಂದಿನ ತಿಂಗಳು ಮೂವತ್ತೊಂದಕ್ಕೆ ನಿವೃತ್ತಿ. ಪೊಲೀಸರು ಒಳಗೆ ಬಂದಾಗ ಎಲ್ಲರೂ ಪೆನ್ನು ಕೆಳಗಿಟ್ಟರು, ಅವರು ಮಾತ್ರ ಹಿಡಿದ ಪುಟ ಮುಗಿಸಿ ತಲೆ ಎತ್ತಿದರು.

ಸುಗತನ್ ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದರು. ಮೊದಲು ಸಾಬು ಮಾಷ್.

"ನಿನ್ನೆ ಬೆಳಗಿನ ಕಟ್ಟು ಎಷ್ಟು ಗಂಟೆಗೆ ಮುಗೀತು?"

"ಹನ್ನೆರಡೂವರೆ."

"ಆಫೀಸಿಗೆ ಯಾರು ಕೊಟ್ರು?"

"ನಾನೇ."

"ಯಾವಾಗ?"

"ಸಂಜೆ. ನಾಲ್ಕೂವರೆಗೆ, ಎರಡೂ ಕಟ್ಟು ಒಟ್ಟಿಗೆ."

"ನೀವು ಕೊಟ್ಟಿದ್ದ ಅಂಕ ಎಷ್ಟೆಷ್ಟು? ಒಂದಾದ್ರೂ ಹೇಳಿ."

"ನೆನಪಿಲ್ಲ ಸಾರ್. ದಿನಕ್ಕೆ ಇಪ್ಪತ್ತಾರು ಪೇಪರ್ ನೋಡ್ತೀವಿ."

"ಟ್ಯೂಷನ್ ಹೇಳ್ತೀರಾ?"

ಸಾಬು ಮಾಷ್ ಕರವಸ್ತ್ರ ತೆಗೆದರು. "ಸ್ವಲ್ಪ."

"ಎಷ್ಟು ಮಕ್ಕಳು ಸ್ವಲ್ಪ?"

"ನೂರಾ ಎಂಬತ್ತು."

ಸುಗತನ್ ಅದನ್ನು ತಮ್ಮ ಕೈಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ನೂರಾ ಎಂಬತ್ತು ಮಕ್ಕಳ ಅಪ್ಪಂದಿರಲ್ಲಿ ಒಬ್ಬನಿಗೆ ಗುಪ್ತಸಂಖ್ಯೆ ಗೊತ್ತಾಗಿದ್ದರೆ ಸಾಕು. ತಾನೇ ಅಂಕ ಏರಿಸಿ, ತಾನೇ ಸಹಿ ತನ್ನದಲ್ಲ ಎಂದು ಕೂಗಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ರಸಿಯಾ ಟೀಚರ್ ಕೈಕಟ್ಟಿ ನಿಂತರು. ಗುಂಪಿನ ಐವರ ಹಾಳೆಗಳನ್ನು ಕೂಡಿಸಿ ನೋಡುವುದಷ್ಟೇ ತಮ್ಮ ಕೆಲಸ, ಕೂಡಿಕೆ ತಪ್ಪಿಲ್ಲದಿದ್ದರೆ ಮುಂದಕ್ಕೆ ಕಳಿಸುವುದು ಎಂದರು. ಮಂಗಳವಾರ ಸಂಜೆ ಮಗನಿಗೆ ಜ್ವರವೆಂದು ನಾಲ್ಕಕ್ಕೇ ಹೋಗಿದ್ದರಂತೆ.

"ಹಂಗಾದ್ರೆ ಅವತ್ತು ಕೊನೆಗೆ ಹೊರಟೋರು ಯಾರು?"

"ವಿಲಾಸಿನಿ ಚೇಚೀನೇ. ಅವರು ಯಾವಾಗ್ಲೂ ಕೊನೆ. ನಾವೆಲ್ಲ ಎಕ್ಸ್‌ಪ್ರೆಸ್, ಅವರು ಪ್ಯಾಸೆಂಜರ್ ಗಾಡಿ ಅಂತ ತಮಾಷೆ ಮಾಡ್ತೀವಿ. ಪ್ರತಿ ಸ್ಟೇಷನ್ನಲ್ಲೂ ನಿಲ್ತಾರೆ."

ವಿಲಾಸಿನಿ ಟೀಚರ್ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು.

"ಮಂಗಳವಾರ ಎಷ್ಟು ಗಂಟೆಗೆ ಹೋದ್ರಿ ಟೀಚರ್?"

"ಆರು ಇಪ್ಪತ್ತಕ್ಕೆ."

"ಅಷ್ಟು ಹೊತ್ತು?"

"ಪೇಪರ್ ನೋಡ್ತಿದ್ದೆ."

"ಸಾಬು ಮಾಷ್ ಹೇಗೆ ಮನುಷ್ಯ?"

"ಬೇಗ ಮುಗಿಸ್ತಾರೆ."

ಸುಗತನ್‌ಗೆ ಆ ಉತ್ತರ ಹೊಗಳಿಕೆಯಂತೆಯೇ ಕೇಳಿಸಿತು. ಅವರ ಕಣ್ಣೆಲ್ಲ ಸಾಬು ಮಾಷ್ ಮೇಲಿತ್ತು. ಅನುಮಾನ ಒಮ್ಮೆ ಒಂದು ಮನೆ ಹೊಕ್ಕರೆ ಪಕ್ಕದ ಮನೆಯ ಬಾಗಿಲು ಕಾಣುವುದಿಲ್ಲ.

*

ಏಪ್ರಿಲ್ 12, ಗುರುವಾರ. ಬೆಳಿಗ್ಗೆ 9.15ಕ್ಕೆ ಪ್ರಮೀಳಾ ಗೇಟಿನ ಕಾವಲುಗಾರನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಸಾರ್, ಮಂಗಳವಾರ ಸಾಬು ಮಾಷ್ ಬೈಕ್ ಹೊರಗೆ ಹೋದದ್ದು ಮೂರು ಇಪ್ಪತ್ತೈದಕ್ಕೆ. ವಾಪಸ್ ಬಂದಿಲ್ಲ."

"ಆಫೀಸಿನ ರಿಜಿಸ್ಟರ್?"

"ಅದರಲ್ಲಿ ಅವರ ಕಟ್ಟು ಸೇರಿದ್ದು ಆರು ಹದಿನೈದಕ್ಕೆ. ಎದುರಿಗೆ ಅವರದೇ ಸಹಿ."

ಮೂರೂ ಇಪ್ಪತ್ತೈದಕ್ಕೆ ಹೋದ ಮನುಷ್ಯ ಆರೂ ಹದಿನೈದಕ್ಕೆ ಸಹಿ ಹಾಕಿದ್ದಾನೆ. ಸಾಬು ಮಾಷ್ ಅವರನ್ನು ಠಾಣೆಗೆ ಕರೆಸಿದರು. ಕಪ್ಪು ಚಹಾ, ಎರಡು ಪರಿಪ್ಪುವಡೆ ಮುಂದಿಟ್ಟು ಸುಗತನ್ ಹತ್ತು ನಿಮಿಷ ಏನೂ ಕೇಳದೆ ಕೂತರು. ಪೊಲೀಸರು ಸುಮ್ಮನೆ ಕೂತರೆ ಎಂಥವನ ಗಂಟಲಲ್ಲೂ ವಡೆ ಇಳಿಯುವುದಿಲ್ಲ.

"ಮೂರು ಇಪ್ಪತ್ತೈದಕ್ಕೆ ಎಲ್ಲಿಗೆ ಹೋದ್ರಿ ಮಾಷೇ?"

"...ಟ್ಯೂಷನ್ ಬ್ಯಾಚ್ ಇತ್ತು."

"ಆರು ಕಾಲಿಗೆ ಸಹಿ ಹಾಕಿದ್ದು ನಿಮ್ಮ ಭೂತಾನಾ?"

"ಸಹಿ ಬೆಳಿಗ್ಗೇನೇ ಹಾಕಿದ್ದು ಸಾರ್. ತಗೊಂಡಿದ್ದಕ್ಕೂ ಕೊಟ್ಟದ್ದಕ್ಕೂ ಒಟ್ಟಿಗೆ. ಎಲ್ರೂ ಹಂಗೇ ಮಾಡ್ತಾರೆ. ಟೈಮ್ ಮಾತ್ರ ಆಫೀಸಿನೋರು ಆಮೇಲೆ ಬರ್ಕೋತಾರೆ."

"ಕಟ್ಟು ಯಾರು ಕೊಟ್ರು?"

"ನನ್ನ ಮೇಜಿನ ಮೇಲೇ ಬಿಟ್ಟು ಹೋದೆ. ಕೊನೆಗೆ ಹೋಗೋರು ಎಲ್ಲರದ್ದೂ ಆಫೀಸಿಗೆ ಮುಟ್ಟಿಸೋದು ನಮ್ಮ ರೂಮಿನ ಪದ್ಧತಿ."

"ಮಧ್ಯಾಹ್ನದ ಕಟ್ಟು ಎರಡಕ್ಕೆ ಕೊಡ್ತಾರೆ. ಮೂರೂ ಕಾಲಿಗೆ ಮುಗಿಸಿ ಹೊರಟ್ರಿ. ಬೆಳಗಿಂದು ನಿಜವಾಗಿ ಎಷ್ಟು ಹೊತ್ತಾಯ್ತು?"

ಸಾಬು ಮಾಷ್ ಲೋಟ ಕೆಳಗಿಟ್ಟರು.

"ನಲವತ್ತು ನಿಮಿಷ."

ರೈಟರ್ ಬರೆಯುವುದು ನಿಲ್ಲಿಸಿ ಮನಸ್ಸಿನಲ್ಲೇ ಭಾಗಾಕಾರ ಮಾಡಿದ. "ಒಂದಕ್ಕೆ ಮೂರು ನಿಮಿಷ. ನಮ್ಮ ಬೀವಿ ಮೀನು ಆರಿಸೋಕೆ ಇದಕ್ಕಿಂತ ಜಾಸ್ತಿ ಹೊತ್ತು ತಗೋತಾಳೆ."

"ಓದ್ತೀರಾ ಮಾಷೇ?"

"ಇಪ್ಪತ್ತು ವರ್ಷದ ಅನುಭವ ಸಾರ್. ಮೊದಲ ಪುಟ, ಕೊನೆ ಪುಟ. ನಡುವೆ ಅಕ್ಷರ ದುಂಡಗಿದ್ರೆ, ಚಿತ್ರ ಗಿತ್ರ ಬರ್ದಿದ್ರೆ ಎರಡು ಜಾಸ್ತಿ. ಮಗು ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗ್ಬಿಡುತ್ತೆ. ಎರಡನೇ ಸಲ ನೋಡೋರ ಅಂಕಕ್ಕೂ ನಂದಕ್ಕೂ ಆರರ ಮೇಲೆ ವ್ಯತ್ಯಾಸ ಬಂದದ್ದು ಕಮ್ಮಿ. ಬೇಕಾದ್ರೆ ಹಳೇ ದಾಖಲೆ ತೆಗೆಸಿ ನೋಡಿ."

ಸುಗತನ್‌ಗೆ ಮೈ ಉರಿದುಹೋಯಿತು. ಪ್ರೀ ಡಿಗ್ರಿಯಲ್ಲಿ ರಸಾಯನಶಾಸ್ತ್ರ ಅವರನ್ನು ಎರಡು ಸಲ ಕೆಡವಿತ್ತು. ತನಗೇ ಬುದ್ಧಿ ಸಾಲದು ಎಂದು ಈ ವಯಸ್ಸಿನವರೆಗೂ ನಂಬಿದ್ದರು. ಎದುರಿಗಿದ್ದವರ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಬೇಗ ಓದುವುದಕ್ಕೆ ಹಾಕಲು ಅವರ ಪುಸ್ತಕದಲ್ಲಿ ಕಲಮು ಇರಲಿಲ್ಲ. ಕೇಸು ಇರುವುದು ಸಹಿ ಕದ್ದವರ ಮೇಲೆ.

ಅದೇ ದಿನ ಮಧ್ಯಾಹ್ನ 1.30ಕ್ಕೆ ರಸಿಯಾ ಟೀಚರ್ ಅವರನ್ನು ಪಂಚರ ಮುಂದೆ ಕೂರಿಸಿ, ಹದಿಮೂರು ಪತ್ರಿಕೆಗಳನ್ನು ಹೊಸದಾಗಿ ನೋಡಲು ಕೇಳಿದರು. ಖೋಟಾ ಹಾಳೆಯನ್ನು ಅವರಿಗೆ ತೋರಿಸಲಿಲ್ಲ. ಯಾವ ಮಗುವಿನ ಅಂಕ ಏರಿದೆಯೋ ಆ ಮಗುವಿನ ಅಪ್ಪನ ಮನೆಗೆ ಹೋದರೆ ದುಡ್ಡಿನ ದಾರಿ ಸಿಗುತ್ತದೆ ಎಂಬುದು ಸುಗತನ್ ಲೆಕ್ಕ. ಸಂಜೆ 5.40ಕ್ಕೆ ರಸಿಯಾ ಟೀಚರ್ ಕಣ್ಣುಜ್ಜಿಕೊಂಡು ತಮ್ಮ ಹಾಳೆ ಕೊಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟರು.

ಏರಿದ ಮಗುವೇ ಇರಲಿಲ್ಲ. ರಸಿಯಾ ಟೀಚರ್ ಇಪ್ಪತ್ತೊಂದು ಕೊಟ್ಟ ಕಡೆ ಖೋಟಾ ಹಾಳೆಯಲ್ಲಿ ಇಪ್ಪತ್ತೊಂದೂವರೆ. ಐವತ್ತು ಕೊಟ್ಟ ಕಡೆ ನಲವತ್ತೊಂಬತ್ತೂವರೆ. ಎಲ್ಲಿಯೂ ಎರಡು ಅಂಕಕ್ಕಿಂತ ಹೆಚ್ಚು ಅಂತರವಿಲ್ಲ.

"ಯಾರೋ ಕೂತು ಓದಿದ್ದಾರೆ ಸಾರ್" ಎಂದರು ರಸಿಯಾ ಟೀಚರ್ ಮೆಲ್ಲಗೆ. "ಪ್ರತಿಯೊಂದು ಸಾಲೂ ಓದಿದ್ದಾರೆ. ಇದು ಖೋಟಾ ಅಂದ್ರೆ ಅಸಲಿ ಯಾವುದು ಹೇಳಿ?"

"ನಿಮ್ಮದಕ್ಕೂ ಇದಕ್ಕೂ ಎಲ್ಲೂ ವ್ಯತ್ಯಾಸ ಇಲ್ವಾ?"

"ಇದೆ. ಎದ್ದು ಕಾಣೋದು ಒಂದೇ ಕಡೆ. ಹದಿನಾಲ್ಕನೇ ಪ್ರಶ್ನೆ." ಅವರ ಬೆರಳು ಕಾಲಂ ಉದ್ದಕ್ಕೂ ಇಳಿದು ನಡುವೆ ನಿಂತಿತು. "ಆರು ಮಕ್ಕಳಿಗೆ ನಾನು ಸೊನ್ನೆ ಕೊಟ್ಟಿದ್ದೀನಿ. ಇಲ್ಲಿ ಆರಕ್ಕೂ ಒಂದೂವರೆ ಇದೆ."

"ಯಾಕೆ?"

ರಸಿಯಾ ಟೀಚರ್ ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದರು. ಗೊತ್ತಿಲ್ಲದವರ ಅವಸರ ಬೇರೆ, ಗೊತ್ತಿದ್ದವರ ಅವಸರ ಬೇರೆ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದ ಸುಗತನ್‌ಗೆ ಅಷ್ಟು ತಿಳಿಯುತ್ತಿತ್ತು. ಅವರು ತಡೆಯಲಿಲ್ಲ.

*

ಏಪ್ರಿಲ್ 13, ಶುಕ್ರವಾರ, ಬೆಳಿಗ್ಗೆ 10.05. ಸುಗತನ್ ನೇರವಾಗಿ ವಾರಿಯರ್ ಕೋಣೆಗೆ ಹೋದರು.

"ಕೀ ಉತ್ತರ ಯಾರು ಗೊತ್ತು ಮಾಡ್ತಾರೆ ಮಾಷೇ?"

"ಮೊದಲನೇ ದಿನ ಎಲ್ಲರೂ ಸೇರಿ ಚರ್ಚೆ ಮಾಡಿ ಒಪ್ಪಿಕೋತೀವಿ. ಆಮೇಲೆ ಅದರ ಮೇಲೆ ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಆ ಸಭೆಯ ನಡಾವಳಿ ಪುಸ್ತಕ ಕೊಡಿ."

ವಾರಿಯರ್ ಬೀರು ತೆಗೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೀಲಿಗೊಂಚಲು ಹುಡುಕಿದರು. ಏಪ್ರಿಲ್ 3ರ ನಡಾವಳಿಯ ಎರಡನೇ ಪುಟದಲ್ಲಿ ಅದು ಇತ್ತು. ಪ್ರಶ್ನೆ 14: ಕಡಲ ತೀರದಲ್ಲಿ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುವುದೇಕೆ? ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ, ಅದು ವಿದ್ಯುದ್ವಿಚ್ಛೇದ್ಯ, ಆ ಪದ ಬರೆದಿದ್ದರೆ ಮಾತ್ರ ಎರಡು ಅಂಕ ಎಂದು ತೀರ್ಮಾನ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಬ್ಬರ ಭಿನ್ನಾಭಿಪ್ರಾಯ: 'ಉಪ್ಪಿನ ತೇವ ಕಬ್ಬಿಣದ ಮೇಲೆ ಒಣಗದೆ ನಿಲ್ಲುತ್ತದೆ, ಅದರಿಂದ ತುಕ್ಕು ಬೇಗ ಹಬ್ಬುತ್ತದೆ ಎಂದು ತನ್ನ ಮಾತಿನಲ್ಲಿ ಬರೆದ ಮಗುವಿಗೂ ಒಂದೂವರೆ ಸಲ್ಲಬೇಕು. ದೋಣಿಯ ಮನೆಯ ಮಗು ಕಂಡದ್ದನ್ನು ಬರೆಯುತ್ತದೆ. ನಾವು ಅಳೆಯಬೇಕಾದದ್ದು ತಿಳಿವಳಿಕೆಯನ್ನು, ಪದವನ್ನಲ್ಲ.' ಸಹಿ, ಕೆ. ವಿಲಾಸಿನಿ. ಇಪ್ಪತ್ತಮೂರು ಜನ ವಿರುದ್ಧ, ಒಬ್ಬರು ಪರ. ತಿರಸ್ಕೃತ.

ಸುಗತನ್ ಆ ಸಾಲುಗಳನ್ನು ಎರಡು ಸಲ ಓದಿದರು. ಕಳ್ಳರು ಬೆರಳಚ್ಚು ಬಿಡುವುದನ್ನು ನೋಡಿದ್ದರು, ಚಪ್ಪಲಿ ಬಿಟ್ಟು ಓಡಿದ್ದನ್ನು ನೋಡಿದ್ದರು. ಇನ್ನೊಬ್ಬರ ಹೆಸರಿನಲ್ಲಿ ಖೋಟಾ ಮಾಡುವಾಗಲೂ ತನಗೆ ತಪ್ಪೆಂದು ಕಂಡ ಸೊನ್ನೆಯನ್ನು ಹಾಕಲಾರದೆ ಸಿಕ್ಕಿಬಿದ್ದವರನ್ನು ನೋಡಿರಲಿಲ್ಲ.

"ಸಾಬು ಮಾಷ್ ಓದೋದಿಲ್ಲ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ ವಾರಿಯರ್ ಮಾಷೇ?"

ವಾರಿಯರ್ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರು.

"ಹೇಳಿದ್ರಾ?"

"ಆರನೇ ತಾರೀಕು ವಿಲಾಸಿನಿ ಟೀಚರ್ ಬಂದು ಹೇಳಿದ್ರು. ಬರವಣಿಗೇಲೂ ಕೊಟ್ರು. ಎರಡನೇ ಸಲ ನೋಡೋರು ಇದ್ದಾರಲ್ಲ ಟೀಚರೇ, ಬಿಡಿ ಅಂದೆ. ನೀವೇ ಹೇಳಿ, ಒಬ್ಬರನ್ನ ಕಳಿಸಿದ್ರೆ ಸಂಘದೋರು ಎಲ್ಲರನ್ನೂ ಎಬ್ಬಿಸ್ಕೊಂಡು ಹೋಗ್ತಾರೆ. ಪೇಪರ್ ಯಾರು ನೋಡ್ತಾರೆ?"

"ಈಗ ಯಾರು ನೋಡಿದ್ರು ಅಂತ ಗೊತ್ತಾಯ್ತಲ್ಲ."

ಮಧ್ಯಾಹ್ನ 2.30ಕ್ಕೆ ಕೊಠಡಿ ಏಳರ ಬಾಗಿಲಲ್ಲಿ ಪ್ರಮೀಳಾ ನಿಂತಳು. ವಿಲಾಸಿನಿ ಟೀಚರ್ ಕೈಯಲ್ಲಿದ್ದ ಪತ್ರಿಕೆಯನ್ನು ಮುಗಿಸುವವರೆಗೆ ಕಾಯಿರಿ ಎಂದು ಕೈಯೆತ್ತಿ ಸನ್ನೆ ಮಾಡಿದರು. ಅವಳು ಕಾದಳು. ಸುಗತನ್ ಕೂಡ ಕಾದರು, ಯಾಕೆಂದು ಅವರಿಗೇ ತಿಳಿಯಲಿಲ್ಲ.

"ಮಂಗಳವಾರ ಆರೂ ಇಪ್ಪತ್ತರವರೆಗೆ ಯಾರ ಪೇಪರ್ ನೋಡ್ತಿದ್ರಿ ಟೀಚರ್?"

"ಅವತ್ತು ಮಧ್ಯಾಹ್ನ ನನಗೆ ಬಂದದ್ದು ಏಳೇ ಪೇಪರ್, ಮೂರೂವರೆಗೆ ಮುಗೀತು. ಆಮೇಲೆ ಸಾಬು ಮಾಷ್‌ದು, ಬೆಳಗಿನ ಕಟ್ಟು. ಮಧ್ಯಾಹ್ನದ್ದಕ್ಕೆ ಹೊತ್ತು ಸಾಲಲಿಲ್ಲ."

"ಬುಧವಾರ ಕೇಳಿದಾಗ ಹೇಳ್ಲಿಲ್ಲ."

"ಯಾರದು ಅಂತ ನೀವು ಕೇಳ್ಲಿಲ್ಲ."

"ಅವರ ಹಾಳೆ ಏನು ಮಾಡಿದ್ರಿ? ಹರಿದು ಹಾಕಿದ್ರಾ?"

ವಿಲಾಸಿನಿ ಟೀಚರ್ ಮುಖದಲ್ಲಿ ಮೊದಲ ಬಾರಿಗೆ ಸಿಟ್ಟು ಕಂಡಿತು. "ಅಂಕಪಟ್ಟಿ ಹರಿಯೋದಾ? ಏನ್ ಮಾತು ಸಾರ್ ಇದು?"

ಕೈಚೀಲದಿಂದ ಕೀ ಉತ್ತರದ ಕಟ್ಟು ತೆಗೆದು, ಅದರೊಳಗೆ ನಾಲ್ಕು ಮಡಿಕೆಯಾಗಿದ್ದ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಸಾಬು ಮಾಷ್ ಅಸಲಿ ಅಂಕಪಟ್ಟಿ. ಹದಿಮೂರು ಮಕ್ಕಳಿಗೂ ಇಪ್ಪತ್ತನಾಲ್ಕರಿಂದ ಮೂವತ್ತೆಂಟರೊಳಗೆ, ಒಂದು ಅರ್ಧವೂ ಇಲ್ಲದ ದುಂಡು ಅಂಕಗಳು. ಹತ್ತೊಂಬತ್ತು ಸಲ್ಲಬೇಕಾದ ಮಗುವಿಗೂ ಇಪ್ಪತ್ತನಾಲ್ಕು, ಐವತ್ತು ಸಲ್ಲಬೇಕಾದ ಮಗುವಿಗೂ ಮೂವತ್ತೆಂಟು. 2.50ಕ್ಕೆ ಜಪ್ತಿ ಪಂಚನಾಮೆ. 3.15ಕ್ಕೆ, ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮ, ಬಂಧನ. ರಸಿಯಾ ಟೀಚರ್ ಕಿಟಕಿಯ ಕಡೆ ತಿರುಗಿ ನಿಂತು ಅಳುತ್ತಿದ್ದರು. ಸಾಬು ಮಾಷ್ ಆ ದಿನ ರಜೆ ಹಾಕಿದ್ದರು.

ಸುಗತನ್ ಪತ್ರಿಕೆಗಳನ್ನು ಜಪ್ತಿ ಮಾಡಲಿಲ್ಲ. ಖೋಟಾ ಆದದ್ದು ಹಾಳೆ, ಮಕ್ಕಳು ಬರೆದದ್ದಲ್ಲ ಎಂದು ಟಿಪ್ಪಣಿ ಬರೆದು, ಹದಿಮೂರಕ್ಕೂ ದೃಢೀಕೃತ ನಕಲು ತೆಗೆಸಿ, 4.35ಕ್ಕೆ ಅಸಲನ್ನು ವಾರಿಯರ್ ಕೈಗೆ ಕೊಟ್ಟು ರಸೀದಿ ಪಡೆದರು. ಮೇಲಧಿಕಾರಿಗಳು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಕೊಡೋಣ ಎಂದುಕೊಂಡರು. ಆ ಹದಿಮೂರರ ಫಲಿತಾಂಶ ತಡೆಯದೆ ಬೇರೆ ಕೇಂದ್ರದ ಇಬ್ಬರಿಂದ ಹೊಸದಾಗಿ ನೋಡಿಸುವಂತೆ ಪರೀಕ್ಷಾ ಮಂಡಳಿಯಿಂದ ಆಗಲೇ ಫೋನ್ ಬಂದಿತ್ತು. ಸಾಬು ಮಾಷ್‌ಗೆ ಇಲಾಖೆಯಿಂದ ಒಂದು ಜ್ಞಾಪನ ಹೋಗಲಿತ್ತು, ಅಷ್ಟೇ.

*

ಠಾಣೆಯಲ್ಲಿ ಪ್ರಮೀಳಾ ಟೀಚರ್‌ಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿದಳು. ಆರು ಗಂಟೆಗೆ ಮ್ಯಾಜಿಸ್ಟ್ರೇಟರ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಸುಗತನ್ ಹೇಳಿದಂತೆ ರೈಟರ್ ಹೇಳಿಕೆ ಬರೆಯತೊಡಗಿದ.

"ಮಕ್ಕಳಿಗೆ ಸಹಾಯ ಮಾಡುವ ಉದ್ದೇಶದಿಂದ..."

"ಸಹಾಯ ಅಂತ ಬರೀಬೇಡಿ" ಎಂದರು ವಿಲಾಸಿನಿ ಟೀಚರ್. "ಆರು ಮಕ್ಕಳಿಗೆ ನಾನು ಕಮ್ಮಿ ಮಾಡಿದ್ದೀನಿ. ಐದಕ್ಕೆ ಜಾಸ್ತಿ ಆಯ್ತು. ಎರಡು ಹಾಗೇ ಇದೆ."

"ಎರಡನೇ ಸಲ ನೋಡೋರು ಇದ್ದರಲ್ಲ ಟೀಚರ್. ಯಾಕೆ ಮೈಮೇಲೆ ಎಳ್ಕೊಂಡ್ರಿ? ರಿಟೈರಾಗೋಕೆ ಒಂದೂವರೆ ತಿಂಗಳು."

"ಎರಡನೆಯವರೂ ನಲವತ್ತು ನಿಮಿಷದೋರೇ ಆದ್ರೆ? ಇಬ್ಬರೂ ಓದದೆ ಊಹಿಸಿದ್ರೆ ವ್ಯತ್ಯಾಸ ಆರರೊಳಗೇ ಬರುತ್ತೆ ಸಾರ್. ಊಹೆಗೂ ಊಹೆಗೂ ಬಹಳ ಚೆನ್ನಾಗಿ ಹೊಂದುತ್ತೆ. ಕಾಗದದ ಮೇಲೆ ನೋಡಿದ್ರೆ ಎಲ್ಲ ಕ್ಷೇಮ."

"ನೀವು ಕಂಪ್ಲೇಂಟ್ ಕೊಟ್ಟಾಗಿತ್ತು. ಅಲ್ಲಿಗೆ ನಿಮ್ಮ ಜವಾಬ್ದಾರಿ ಮುಗೀತಲ್ಲ?"

ಟೀಚರ್ ಹೇಳತೊಡಗಿದರು. ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಎರಡು ಸಲ ನೋಡುವ ಪದ್ಧತಿ ಇರಲಿಲ್ಲ, ಒಬ್ಬರು ಕೆಂಪು ಶಾಯಿಯಲ್ಲಿ ಹಾಕಿದ್ದೇ ಅಂಕ. ಆ ವರ್ಷ ತಂಗಿಯ ಮದುವೆ. ಬೇಗ ಬೇಗ ಮುಗಿಸಿ ಮೂರು ಗಂಟೆಯ ಬಸ್ಸು ಹಿಡಿಯುತ್ತಿದ್ದರು. ಅದೇ ಜೂನ್‌ನಲ್ಲಿ ಬೇರೆ ಜಿಲ್ಲೆಗೆ ವರ್ಗವಾಯಿತು. ಆ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದ ಜಾನಕಿ ಒಂದು ದಿನ ಸೆರಗಿನ ಕೆಳಗೆ ಏನೋ ಮುಚ್ಚಿಕೊಂಡು ಬಂದಳು. ಮಗ ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದ. ಚೆನ್ನಾಗಿ ಬರೆದಿದ್ದೆ ಎಂದು ಊಟ ಬಿಟ್ಟು ಕೂತಿದ್ದಾನೆ, ಉತ್ತರಪತ್ರಿಕೆಯ ನಕಲು ತರಿಸಿದ್ದೇವೆ, ನೀವು ಒಮ್ಮೆ ನೋಡಿ ಟೀಚರೇ ಎಂದಳು.

"ನನ್ನ ಕೈಬರಹ ನನಗೆ ಗೊತ್ತಾಗ್ದೇ ಇರುತ್ತಾ? ಕೂಡಿಕೆ, ಟಿಕ್ಕು, ಎಲ್ಲ ನಂದೇ. ನಡುವೆ ಎರಡು ಪುಟಕ್ಕೆ ಒಂದು ಗುರುತೂ ಇಲ್ಲ. ತಿರುವಿಯೇ ಇಲ್ಲ ನಾನು. ನೋಡ್ದೆ. ಒಂಬತ್ತು ಅಂಕ ಇತ್ತು ಅಲ್ಲಿ. ಅವನಿಗೆ ಬೇಕಿದ್ದದ್ದು ಐದು."

ರೈಟರ್ ಪೆನ್ನು ನಿಂತಿತು.

"ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕೋಕೆ ಇನ್ನೂ ಎರಡು ದಿನ ಇತ್ತು ಸಾರ್. ಹಾಕಿದ್ರೆ ಯಾರು ನೋಡಿದ್ದು ಅಂತ ಹೊರಗೆ ಬರುತ್ತೆ ಅಂತ ನನಗೆ ಭಯ ಆಯ್ತು. ಎಲ್ಲ ಸರಿಯಾಗಿದೆ ಜಾನಕಿ, ಅವನು ಬರ್ದಿದ್ದೇ ಅಷ್ಟು ಅಂದೆ. ನನ್ನ ಮಾತು ನಂಬಿದಳು. ಮನೆಗೆ ಹೋಗಿ ಮಗನಿಗೆ ಬೈದಳಂತೆ, ಸುಳ್ಳು ಹೇಳ್ತೀಯಾ ಅಂತ."

"ಹುಡುಗ ಈಗ ಏನು ಮಾಡ್ತಾನೆ?" ಎಂದು ಪ್ರಮೀಳಾ ಕೇಳಿದಳು.

"ಟೈಲ್ಸ್ ಹಾಕ್ತಾನೆ. ಹೋದ ವರ್ಷ ನಮ್ಮ ಅಡುಗೆಮನೆಗೂ ಅವನೇ ಹಾಕಿದ್ದು. ಒಂದು ಕಲ್ಲೂ ಏರುಪೇರಿಲ್ಲ. ಕೂಲಿ ಜಾಸ್ತಿ ಕೊಡೋಕೆ ಹೋದ್ರೆ ತಗೊಳ್ಲಿಲ್ಲ, ಟೀಚರ್ ಹತ್ರ ಬೇಡ ಅಂದ." ಅವರು ರೈಟರ್ ಮುಂದಿದ್ದ ಹಾಳೆಯತ್ತ ಬೆರಳು ತೋರಿಸಿದರು. "ಇದನ್ನೂ ಬರೀರಿ ಸಾರ್. ಖೋಟಾ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಅದು."

"ಅದಕ್ಕೆ ಸೆಕ್ಷನ್ ಇಲ್ಲ ಟೀಚರ್" ಎಂದರು ಸುಗತನ್. "ಈ ಕೇಸಿಗೆ ಅದು ಬರೋದೂ ಇಲ್ಲ."

"ಇಲ್ಲದಿದ್ರೂ ಬರೀರಿ. ಅವನ ಹೆಸರು ಸಜೀವ್. ಎಲ್ಲಾದ್ರೂ ಒಂದು ಕಡೆ ಅವನು ಬರ್ದದ್ದು ಸರಿ ಇತ್ತು ಅಂತ ಇರ್ಲಿ."

ಸುಗತನ್ ರೈಟರ್ ಕಡೆ ನೋಡಿ ತಲೆಯಾಡಿಸಿದರು. ಕುಂಞಹಮ್ಮದ್ ಹೊಸ ಹಾಳೆ ತೆಗೆದುಕೊಂಡು ದಿನಾಂಕ ಹಾಕಿ ಬರೆದ. ಆಮೇಲೆ ಬಂಧನದ ಕಾಗದ ಮತ್ತು ಜಪ್ತಿ ಪಂಚನಾಮೆಯ ಪ್ರತಿಯನ್ನು ಅವರ ಮುಂದಿಟ್ಟು, ಸಹಿ ಹಾಕಬೇಕಾದ ಕಡೆ ಬೆರಳಿಟ್ಟು ತೋರಿಸಿದ. ಗಂಟೆ ಐದೂವರೆಯಾಗಿತ್ತು, ಜೀಪು ಹೊರಗೆ ಸ್ಟಾರ್ಟ್ ಆಗಿ ನಿಂತಿತ್ತು.

ವಿಲಾಸಿನಿ ಟೀಚರ್ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಹದಿಮೂರು ಗುಪ್ತಸಂಖ್ಯೆಗಳನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದರು. ಪ್ರಮೀಳಾ ಹೊರಗೆ ಹೋಗಿ ಜೀಪು ಆಫ್ ಮಾಡಿಸಿ ಬಂದಳು. ಯಾರೂ ಅವಸರ ಮಾಡಲಿಲ್ಲ. ಕೊನೆಯ ಪುಟದ ಹಿಂದೆ ಏನೂ ಬರೆದಿರಲಿಲ್ಲ. ಅದನ್ನೂ ತಿರುವಿ ನೋಡಿ, ಆಮೇಲೆ ಟೀಚರ್ ತಮ್ಮ ಹೆಸರಿನ ಸಹಿ ಹಾಕಿದರು.